ಫೋಟೋ ಎಲ್ಲಿ ಮಾಮ? ಲೈಟ್‌ರೂಮು, ಕ್ಲೌಡು ಮತ್ತೆ ನನ್ನ 256 ಜಿಬಿ ಲ್ಯಾಪ್‌ಟಾಪು

"ಮಾಮ, ನಂಗೆ ಹೂ ಮುಡಿಸ್ತಿರೋ ಫೋಟೋನೇ ಇಲ್ವಲ್ಲ, ನೀನು ತೆಗೀಲೇ ಇಲ್ವಾ?"

ಅಕ್ಕನ ಮಗಳ ನಿಶ್ಚಿತಾರ್ಥ ಮುಗಿದು ಮೂರನೇ ದಿನ ಬೆಳಿಗ್ಗೆ ಬಂದ ಫೋನು ಇದು, ನಾನಿನ್ನೂ ಹಲ್ಲುಜ್ಜಿರ್ಲಿಲ್ಲ. ತೆಗ್ದಿದೀನಿ ಕಣೇ, ಹತ್ತೋ ಹದಿನೈದೋ ಇರ್ಬೇಕು, ಲಿಂಕ್ ಕಳ್ಸಿದ್ನಲ್ಲ ಅದ್ರಲ್ಲೇ ನೋಡು ಅಂದೆ. ಅದ್ರಲ್ಲೇ ನೋಡ್ತಿದೀನಿ, ಮೊನ್ನೆ ಇತ್ತು ಇವತ್ತಿಲ್ಲ ಅಂದ್ಲು. ಲ್ಯಾಪ್‌ಟಾಪ್ ತೆಗೆದು ನೋಡಿದ್ರೆ 1,340 ಫೋಟೋ ಇದ್ದ ಆಲ್ಬಮ್‌ನಲ್ಲಿ 928 ಇದೆ. ಹೂ ಮುಡಿಸೋದಿಲ್ಲ, ಲಗ್ನಪತ್ರಿಕೆ ಓದೋದಿಲ್ಲ, ತಾಂಬೂಲ ಬದಲಾಯಿಸ್ಕೊಳ್ಳೋದು ಅರ್ಧ ಇದೆ ಅರ್ಧ ಇಲ್ಲ. ಹೊಟ್ಟೆ ಒಳಗೆ ಯಾರೋ ಕೈ ಹಾಕಿ ತಿರುಚಿದಂಗಾಯ್ತು.

ಕಳ್ಳ ನಾನೇ. ಹಾಸನದಿಂದ ಮೈಸೂರಿಗೆ ಬಸ್ಸಲ್ಲಿ ವಾಪಸ್ ಬರ್ತಿದ್ದೆ, ಫೋನು 64 ಜಿಬಿದು, ಸ್ಟೋರೇಜ್ ಫುಲ್ ಅಂತ ಬೊಬ್ಬೆ ಹೊಡೀತಿತ್ತು, ಏನು ತಿಂತಿದೆ ಅಂತ ನೋಡಿದ್ರೆ ಫೋಟೋ ಜೋಡಿಸಿ ಎಡಿಟ್ ಮಾಡೋ ಲೈಟ್‌ರೂಮ್ ಆಪ್ ಒಂದೇ ಹನ್ನೊಂದು ಜಿಬಿ ಹಿಡ್ಕೊಂಡು ಕೂತಿದೆ. ಇವೆಲ್ಲ ಹೆಂಗೂ ಲ್ಯಾಪ್‌ಟಾಪಲ್ಲಿ ಇದೆಯಲ್ಲ, ಫೋನಲ್ಲಿ ಯಾಕೆ ಅಂತ ಬೆರಳು ಒತ್ತಿ ಎಳ್ಕೊಂಡು ಹೋಗಿ ಸಾಲು ಸಾಲು ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದೆ. ಒಂದು ವಾರ್ನಿಂಗ್ ಬಂತು, ಬಂದಿದ್ದು ನೆನಪಿದೆ, ಓದಿದ್ದು ನೆನಪಿಲ್ಲ. ಚನ್ನರಾಯಪಟ್ಟಣ ಬರೋಷ್ಟ್ರಲ್ಲಿ ಬೇಜಾರಾಗಿ ನಿಲ್ಲಿಸ್ದೆ, ಇಲ್ದಿದ್ರೆ 1,340ನ್ನೂ ಮುಗಿಸ್ತಿದ್ದೆ.

ನಾನು ಸೊಸೈಟಿಲಿ ಕೆಲಸ ಮಾಡೋನು, ಹಂಗಾಗಿ ನನಗೆ ಅರ್ಥ ಆದ ರೀತಿಲೇ ಹೇಳ್ತೀನಿ. ಈ ಕ್ಲೌಡ್ ಲೈಟ್‌ರೂಮ್, ಅಂದ್ರೆ ಫೋಟೋನ ಇಂಟರ್ನೆಟ್ಟಲ್ಲಿ ಕಂಪನಿ ಸರ್ವರಲ್ಲಿ ಇಡೋ ಲೈಟ್‌ರೂಮು, ಜಾಯಿಂಟ್ ಅಕೌಂಟ್ ಇದ್ದಂಗೆ. ಫೋನು ಒಂದು ಎಟಿಎಂ ಕಾರ್ಡು, ಲ್ಯಾಪ್‌ಟಾಪ್ ಇನ್ನೊಂದು ಕಾರ್ಡು, ಬ್ರೌಸರ್ ಮೂರನೇದು. ಕಾರ್ಡು ಮೂರಿದೆ ಅಂತ ದುಡ್ಡು ಮೂರು ಪಟ್ಟು ಇರಲ್ಲ, ಅಕೌಂಟ್ ಒಂದೇ. ಯಾವ ಕಾರ್ಡಿಂದ ತೆಗೆದ್ರೂ ಬ್ಯಾಲೆನ್ಸ್ ಎಲ್ಲಾ ಕಡೆ ಇಳಿಯುತ್ತೆ. ನಾನು ಮಾಡಿದ್ದು, ಪರ್ಸಲ್ಲಿ ಜಾಗ ಇಲ್ಲ ಅಂತ ಬ್ಯಾಂಕಲ್ಲಿರೋ ದುಡ್ಡನ್ನ ತೆಗೆದು ಕಿಟಕಿಯಿಂದ ಎಸೆದಂಗೆ.

ಪುಣ್ಯಕ್ಕೆ ಡಿಲೀಟೆಡ್ ಅಂತ ಒಂದು ಜಾಗ ಇದೆ, ಅಲ್ಲಿ 60 ದಿನ ಇಟ್ಕೊಂಡಿರುತ್ತೆ. ಎಲ್ಲಾ 412 ಅಲ್ಲೇ ಇದ್ವು, ರೀಸ್ಟೋರ್ ಒತ್ತಿದೆ, ಎಡಿಟ್ ಮಾಡಿದ್ದು ಕೂಡ ಹಂಗೇ ವಾಪಸ್ ಬಂತು. ಅವಳು ಫೋನ್ ಮಾಡ್ದೇ ಇದ್ದು, ನಾನು ಮದುವೆ ಹತ್ರ ಬಂದಾಗ ಆಲ್ಬಮ್ ಮಾಡೋಣ ಅಂತ ನಾಲ್ಕು ತಿಂಗಳು ಬಿಟ್ಟು ತೆಗೆದಿದ್ರೆ ಕಥೆ ಮುಗೀತಿತ್ತು. ಇವತ್ತಿಗೂ ಅವಳಿಗೆ ನಿಜ ಹೇಳಿಲ್ಲ, "ಸರ್ವರ್ ಪ್ರಾಬ್ಲಂ ಇತ್ತು" ಅಂದಿದೀನಿ.

ಫೋನಲ್ಲಿ ಜಾಗ ಬೇಕಿದ್ರೆ ಮಾಡ್ಬೇಕಿದ್ದಿದ್ದು ಏನಪ್ಪಾ ಅಂದ್ರೆ ಆಪ್ ಸೆಟ್ಟಿಂಗ್ಸಲ್ಲಿ ಸ್ಟೋರೇಜ್ ಅಂತ ಇರೋ ಕಡೆ ಹೋಗಿ ಕ್ಲಿಯರ್ ಕ್ಯಾಶ್. ಅದು ಫೋನಲ್ಲಿ ತಾತ್ಕಾಲಿಕವಾಗಿ ಇಳಿಸ್ಕೊಂಡಿರೋ ಕಾಪಿಗಳನ್ನ ಮಾತ್ರ ತೆಗೆಯುತ್ತೆ, ಕ್ಲೌಡಿಗೆ ಕೈ ಹಾಕಲ್ಲ. ಆದ್ರೆ ಒಂದು ಮಾತು, ಫೋನಲ್ಲೇ ತೆಗೆದ ಫೋಟೋ ಇನ್ನೂ ಅಪ್‌ಲೋಡ್ ಆಗಿಲ್ಲ ಅಂದ್ರೆ ಮೊದ್ಲು ಸಿಂಕ್ ಮುಗೀಲಿ, ಮೇಲಿರೋ ಮೋಡದ ಐಕಾನ್‌ಗೆ ಟಿಕ್ ಬರ್ಲಿ, ಆಮೇಲೆ ಏನಾದ್ರೂ ಮಾಡಿ. ಮತ್ತೆ ಓನ್ಲಿ ಡೌನ್‌ಲೋಡ್ ಸ್ಮಾರ್ಟ್ ಪ್ರಿವ್ಯೂಸ್ ಅಂತ ಒಂದು ಸ್ವಿಚ್ ಇದೆ, ಅದನ್ನ ಆನ್ ಮಾಡಿ ಇಡಿ, ಆಗ ಚಿಕ್ಕ ಕಾಪಿ ಮಾತ್ರ ಬರುತ್ತೆ, ದೊಡ್ಡ ರಾ ಫೈಲು, ಅಂದ್ರೆ ಕ್ಯಾಮೆರಾ ಕಂಡಿದ್ದನ್ನೆಲ್ಲ ಹಂಗೇ ಇಟ್ಟಿರೋ ಫೈಲು, ಫೋನಿಗೆ ಇಳಿಯಲ್ಲ. ಫೋನಲ್ಲಿ ತೆಗೆದಿದ್ದನ್ನೆಲ್ಲ ತಾನೇ ಸೇರಿಸ್ಕೊಳ್ಳೋ ಆಟೋ ಆ್ಯಡ್ ಆನ್ ಇದ್ರೆ ಅದನ್ನೂ ಒಂದ್ಸಲ ನೋಡ್ಕೊಳ್ಳಿ, ನನ್ನ ಕ್ಲೌಡಲ್ಲಿ ಮಿಂಚುಳ್ಳಿ ಪಕ್ಕದಲ್ಲೇ ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಡಾಕ್ಟರ್ ಚೀಟಿ ಎಲ್ಲ ಸಾಲಾಗಿ ನಿಂತಿದ್ವು.

ಸರಿ ಲ್ಯಾಪ್‌ಟಾಪ್ ಕಥೆಗೆ ಬರೋಣ. 256 ಜಿಬಿ ಎಸ್‌ಎಸ್‌ಡಿ ಅಂತ ಹೇಳಿ ಕೊಡ್ತಾರೆ, ವಿಂಡೋಸ್ ತೋರಿಸೋದು 238. ಅಂಗಡಿಯವನು ಮೋಸ ಮಾಡಿದ್ದಲ್ಲ, ಡ್ರೈವ್ ಮಾಡೋರು ಸಾವಿರದ ಲೆಕ್ಕ ಹಾಕ್ತಾರೆ ವಿಂಡೋಸು 1024ರ ಲೆಕ್ಕ ಹಾಕುತ್ತೆ, ಅದಕ್ಕೆ 1 ಟಿಬಿ ಡ್ರೈವ್ ಕೂಡ 931 ಅಂತ ತೋರಿಸೋದು. ವಿಂಡೋಸು, ಆಫೀಸು, ಮಗನ ಗೇಮು ಎಲ್ಲ ಕಳೆದು ನಂಗೆ ಉಳಿಯೋದು 70-80. ನನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ರಾ ಫೈಲು ಹೆಚ್ಚುಕಮ್ಮಿ 28 ಎಂಬಿ. 1,340 ಫೋಟೋ ಅಂದ್ರೆ 37 ಜಿಬಿ ಮೇಲೆ, ಒಂದೇ ಒಂದು ಫಂಕ್ಷನ್ನಿಗೆ. ರಂಗನತಿಟ್ಟಿಗೆ ಹೋಗಿ ಬಣ್ಣದ ಕೊಕ್ಕರೆ ಇಳಿಯೋದನ್ನ ಬರ್ಸ್ಟಲ್ಲಿ ಪಟಪಟ ಅಂತ ಸಾಲಾಗಿ ಹೊಡ್ಕೊಂಡು ಬಂದ್ರೆ ಇದಕ್ಕಿಂತ ಕಡೆ.

ಕ್ಲೌಡ್ ಇದೆಯಲ್ಲ, ಲ್ಯಾಪ್‌ಟಾಪಲ್ಲಿ ಯಾಕೆ ಜಾಗ ಬೇಕು ಅಂತ ನಾನೂ ಅಂದ್ಕೊಂಡಿದ್ದೆ. ಲೈಟ್‌ರೂಮ್ ಪ್ರಿಫರೆನ್ಸಸ್‌ನಲ್ಲಿ ಲೋಕಲ್ ಸ್ಟೋರೇಜ್ ಅಂತ ಇದೆ, ಅಲ್ಲಿ ಖಾಲಿ ಜಾಗದಲ್ಲಿ ಇಷ್ಟು ಪರ್ಸೆಂಟ್ ಮಾತ್ರ ಕ್ಯಾಶ್‌ಗೆ ಬಳಸ್ಕೋ ಅಂತ ಹೇಳೋಕೆ ಒಂದು ಸ್ಲೈಡರ್ ಇದೆ. ಅದನ್ನ ಪೂರ್ತಿ ಎಡಕ್ಕೆ ಎಳೆದು ಗೆದ್ದೆ ಅಂತ ಕೂತಿದ್ದೆ. ಆದ್ರೂ ಕಾರ್ಡ್ ಹಾಕಿ ಇಂಪೋರ್ಟ್ ಮಾಡಿದ ತಕ್ಷಣ ಸಿ ಡ್ರೈವ್ ಕೆಂಪಗಾಗುತ್ತೆ. ಯಾಕಂದ್ರೆ ಅಪ್‌ಲೋಡ್ ಮುಗಿಯೋ ತನಕ ಒರಿಜಿನಲ್ಲು ಲೋಕಲ್ಲಾಗಿ ಇರ್ಲೇಬೇಕು, ಆ ಸ್ಲೈಡರ್ ಮಾತು ಅದಕ್ಕೆ ಅನ್ವಯಿಸಲ್ಲ. ಮೇಲಕ್ಕೆ ಹೋಗಿ ತಲುಪಿದ ಮೇಲಷ್ಟೇ ಇಲ್ಲಿದ್ದನ್ನ ಬಿಡುತ್ತೆ. ಅಪ್‌ಲೋಡು ನನ್ನ ಮನೇಲಿ 20 ಎಂಬಿಪಿಎಸ್, ಲೆಕ್ಕದ ಪ್ರಕಾರ 37 ಜಿಬಿಗೆ ನಾಲ್ಕು ಗಂಟೆ ಚಿಲ್ಲರೆ ಆಗ್ಬೇಕು, ಆಗಿದ್ದು ಎರಡು ರಾತ್ರಿ. ಮೊದಲ್ನೇ ರಾತ್ರಿ ಲ್ಯಾಪ್‌ಟಾಪ್ ತಾನೇ ಸ್ಲೀಪ್‌ಗೆ ಹೋಗಿ ಮಲ್ಗಿತ್ತು, ನನ್ನ ಜೊತೆ.

ಇದಕ್ಕೆ ಮದ್ದು ಅದೇ ಲೋಕಲ್ ಸ್ಟೋರೇಜ್ ಪೇಜಲ್ಲೇ ಇದೆ. ಎಲ್ಲಾ ಒರಿಜಿನಲ್‌ಗಳ ಒಂದು ಕಾಪಿ ಈ ಜಾಗದಲ್ಲಿ ಇಡು ಅನ್ನೋ ಟಿಕ್ ಬಾಕ್ಸು, ಅದರ ಕೆಳಗೆ ಜಾಗ ಬದಲಾಯಿಸೋ ಬಟನ್ನು. ಎಕ್ಸ್‌ಟರ್ನಲ್ ಡ್ರೈವ್ ತೋರಿಸಿದ್ರೆ ಒರಿಜಿನಲ್ಲು ಅಲ್ಲಿ ಕೂರುತ್ತೆ, ಕ್ಲೌಡಲ್ಲೂ ಒಂದು ಇರುತ್ತೆ. ಟ್ರಿಪ್‌ಗೆ ಹೋಗುವಾಗ ಒಂದೆರಡು ಆಲ್ಬಮ್ ಮಾತ್ರ ನೆಟ್ ಇಲ್ದೇನೂ ಬೇಕು ಅಂದ್ರೆ ಆಲ್ಬಮ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟೋರ್ ಲೋಕಲಿ ಕೊಟ್ರೆ ಸಾಕು.

ಇಷ್ಟೆಲ್ಲ ಆದ್ಮೇಲೆ ನಾನು ಕ್ಲಾಸಿಕ್‌ಗೆ ಬಂದೆ. ಗೊತ್ತಿಲ್ದೇ ಇರೋರಿಗೆ, 2017ರ ಅಕ್ಟೋಬರ್‌ನಲ್ಲಿ ಅಡೋಬಿಯವ್ರು ಲೈಟ್‌ರೂಮನ್ನ ಎರಡು ಮಾಡಿದ್ರು. ಹಳೇದಕ್ಕೆ ಕ್ಲಾಸಿಕ್ ಅಂತ ಬಾಲ ಸೇರಿಸಿದ್ರು, ಲೈಟ್‌ರೂಮ್ ಅನ್ನೋ ಮೂಲ ಹೆಸರನ್ನ ಹೊಸ ಕ್ಲೌಡಿಗೆ ಕೊಟ್ರು, ಅವತ್ತಿಂದ ಇವತ್ತಿನವರೆಗೆ ಯಾರಾದ್ರೂ "ಲೈಟ್‌ರೂಮಲ್ಲಿ ಹಿಂಗಾಗಿದೆ" ಅಂತ ಕೇಳಿದ್ರೆ ಮೊದಲ ಐದು ನಿಮಿಷ ಯಾವ ಲೈಟ್‌ರೂಮು ಅಂತ ಪತ್ತೆ ಹಚ್ಚೋದ್ರಲ್ಲೇ ಹೋಗುತ್ತೆ. ಸ್ಟೋರೇಜ್ ವಿಷ್ಯದಲ್ಲಿ ಎರಡೂ ಉತ್ತರ ದಕ್ಷಿಣ. ಕ್ಲೌಡ್ ಲೈಟ್‌ರೂಮಲ್ಲಿ ಒರಿಜಿನಲ್ ಫೈಲೇ ಮೇಲೆ ಹೋಗುತ್ತೆ, ನಿಮ್ಮ ಕೋಟಾ, ಅಂದ್ರೆ ಪ್ಲಾನಲ್ಲಿ ಸಿಗೋ ಕ್ಲೌಡ್ ಜಾಗ, ತಿನ್ನುತ್ತೆ. ಕ್ಲಾಸಿಕ್ಕಲ್ಲಿ ಒರಿಜಿನಲ್ಲು ನಿಮ್ಮ ಡ್ರೈವಲ್ಲೇ ಇರುತ್ತೆ, ಸಿಂಕ್ ಮಾಡಿದ್ರೆ ಹೋಗೋದು ಸ್ಮಾರ್ಟ್ ಪ್ರಿವ್ಯೂ ಅನ್ನೋ ಚಿಕ್ಕ ಡಿಎನ್‌ಜಿ (ಅಡೋಬಿಯವ್ರದೇ ರಾ ಥರದ ಫೈಲು), ಉದ್ದದ ಕಡೆ 2560 ಪಿಕ್ಸೆಲ್, ಒಂದೋ ಎರಡೋ ಎಂಬಿ ಅಷ್ಟೇ, ಮತ್ತೆ ಅದು ಕೋಟಾ ಲೆಕ್ಕಕ್ಕೇ ಬರಲ್ಲ!

ಇದು ಗೊತ್ತಾದ ದಿನ ನಾನು ಒಬ್ಬನೇ ಕೂತು ನಕ್ಕಿದೀನಿ. 20 ಜಿಬಿ ಪ್ಲಾನ್ ಇಟ್ಕೊಂಡು ಸಾವಿರಾರು ಫೋಟೋನ ಫೋನಲ್ಲಿ ಎಡಿಟ್ ಮಾಡೋ ಜನ ಇದಾರಲ್ಲ, ಹೆಂಗೆ ಅಂತ ಯೋಚಿಸ್ತಿದ್ದೆ. ಹಿಂಗೆ. ಆ 20 ಜಿಬಿ ಪ್ಲಾನನ್ನ 2025ರ ಜನವರಿಯಿಂದ ಹೊಸಬ್ರಿಗೆ ಕೊಡೋದು ನಿಲ್ಲಿಸಿದಾರೆ, ಇರೋರು ಗಟ್ಟಿಯಾಗಿ ಹಿಡ್ಕೊಂಡಿದಾರೆ.

ಸ್ಮಾರ್ಟ್ ಪ್ರಿವ್ಯೂನ ಒರಿಜಿನಲ್ ಅಂದ್ಕೊಂಡ್ರೆ ಮಾತ್ರ ಕೆಟ್ರಿ. 6000 ಪಿಕ್ಸೆಲ್ ಅಗಲದ ಫೋಟೋಗೆ 2560 ಅಂದ್ರೆ ಅರ್ಧಕ್ಕಿಂತ ಕಮ್ಮಿ, 300 ಡಿಪಿಐ ಲೆಕ್ಕದಲ್ಲಿ ಎಂಟೂವರೆ ಇಂಚು ಪ್ರಿಂಟು. ವಾಟ್ಸ್ಯಾಪ್ಪಿಗೆ, ಇನ್‌ಸ್ಟಾಗ್ರಾಂಗೆ, ಪೋಸ್ಟ್‌ಕಾರ್ಡ್ ಸೈಜಿಗೆ ಧಾರಾಳ ಸಾಕು, ಮದುವೆ ಆಲ್ಬಮ್ಮಿನ ಎರಡು ಪೇಜ್ ತುಂಬ ಹಾಕ್ತೀನಿ ಅಂದ್ರೆ ಸ್ಟುಡಿಯೋದವ್ರು ಬಯ್ತಾರೆ. ಅಂದ್ರೆ ಕ್ಲಾಸಿಕ್ ಬಳಸೋರ ಮನೇಲಿ ಡ್ರೈವ್ ಕೈ ಕೊಟ್ರೆ ಕ್ಲೌಡಲ್ಲಿ ಫೋಟೋ ಇದೆ ಅನ್ನೋ ಧೈರ್ಯ ಅರ್ಧ ಧೈರ್ಯ.

ಕ್ಲೌಡಿಂದ ಕ್ಲಾಸಿಕ್‌ಗೆ ಬರೋದು ಕಷ್ಟ ಇಲ್ಲ, ಕ್ಲಾಸಿಕ್ಕಲ್ಲಿ ಸೈನ್ ಇನ್ ಆಗಿ ಸಿಂಕ್ ಆನ್ ಮಾಡಿದ್ರೆ ಮೇಲಿರೋ ಒರಿಜಿನಲ್ ಎಲ್ಲ ಕೆಳಗಿಳಿಯೋಕೆ ಶುರು ಆಗುತ್ತೆ. ಆನ್ ಮಾಡೋಕೆ ಮುಂಚೆ, ದಯವಿಟ್ಟು ಮುಂಚೆ, ಪ್ರಿಫರೆನ್ಸಸ್‌ನಲ್ಲಿ ಲೈಟ್‌ರೂಮ್ ಸಿಂಕ್ ಪೇಜಿಗೆ ಹೋಗಿ ಎಲ್ಲಿಗೆ ಇಳೀಬೇಕು ಅಂತ ಜಾಗ ಹೇಳಿ, ತಾರೀಖಿನ ಪ್ರಕಾರ ಫೋಲ್ಡರ್ ಮಾಡು ಅಂತ ಟಿಕ್ ಹಾಕಿ. ಹೇಳ್ದೇ ಇದ್ರೆ ಅದು ಸಿ ಡ್ರೈವ್ ಹುಡುಕ್ಕೊಂಡು ಹೋಗುತ್ತೆ. ನಂದು ಐದು ರಾತ್ರಿ ಇಳೀತು. ಸ್ಟಾರು, ಫ್ಲ್ಯಾಗು, ಎಡಿಟು ಎಲ್ಲ ಬಂತು, ಕೀವರ್ಡ್ ಬರಲ್ಲ. ಹಕ್ಕಿ ಹೆಸರು ಎಲ್ಲ ಕೂತು ಟೈಪ್ ಮಾಡಿದ್ದೆ, ಮತ್ತೆ ಕೂತು ಮಾಡ್ದೆ, ಅದೊಂದು ನೋವು.

ಆಮೇಲೆ ನಡೆದಿದ್ದು ನನ್ನ ಎರಡನೇ ದಡ್ಡತನ, ಇದು ಇನ್ನೂ ದುಬಾರಿ ಬಿತ್ತು. ಕ್ಲಾಸಿಕ್ಕಲ್ಲಿ ಕ್ಯಾಟಲಾಗ್ ಅಂತ ಒಂದು ಫೈಲ್ ಇರುತ್ತೆ, ಎಲ್‌ಆರ್‌ಕ್ಯಾಟ್ ಅಂತ ಕೊನೆಯಾಗುತ್ತೆ ಹೆಸರು, ಎಡಿಟ್ ಮಾಡಿದ್ದೆಲ್ಲ ಅದರೊಳಗೆ. ನಮ್ಮ ಸೊಸೈಟಿ ಲೆಡ್ಜರ್ ಇದ್ದಂಗೆ, ದುಡ್ಡು ತಿಜೋರಿಲಿ ಇರುತ್ತೆ, ಯಾರದು ಎಷ್ಟು ಅಂತ ಲೆಡ್ಜರ್ ಹೇಳುತ್ತೆ. ಮನೇಲಿ ಒಂದು ಲ್ಯಾಪ್‌ಟಾಪು, ಊರಲ್ಲಿ ಅಪ್ಪನ ಮನೇಲಿ ಇನ್ನೊಂದು ಹಳೇ ಲ್ಯಾಪ್‌ಟಾಪು, ಎರಡು ಕಡೇನೂ ಕೆಲಸ ಆಗ್ಲಿ ಅಂತ ಆ ಕ್ಯಾಟಲಾಗನ್ನ ಒಂದು ಕ್ಲೌಡ್ ಡ್ರೈವ್ ಫೋಲ್ಡರಿಗೆ ಹಾಕ್ದೆ. ಬಹಳ ಬುದ್ಧಿವಂತ ಅಂತ ಬೆನ್ನು ತಟ್ಕೊಂಡೆ ಕೂಡ. ಒಂದು ತಿಂಗಳು ಚೆನ್ನಾಗೇ ನಡೀತು. ದಸರಾ ಆದ್ಮೇಲೆ ಬನ್ನಿಮಂಟಪದ ಪಂಜಿನ ಕವಾಯತಿನ ಫೋಟೋಗಳನ್ನ ಎರಡು ಸಂಜೆ ಕೂತು ಎಡಿಟ್ ಮಾಡಿ, ಲೈಟ್‌ರೂಮ್ ಮುಚ್ಚಿ ತಕ್ಷಣ ಲ್ಯಾಪ್‌ಟಾಪ್ ಮಡಚಿ ಊರಿಗೆ ಹೊರಟೆ. ಅಪ್‌ಲೋಡ್ ಮುಗಿದಿರ್ಲಿಲ್ಲ. ಊರಲ್ಲಿ ಹಳೇ ಕಾಪಿ ತೆಗೆದು ಅದರ ಮೇಲೆ ಇನ್ನೊಂದಿಷ್ಟು ಕೆಲಸ ಮಾಡ್ದೆ. ವಾಪಸ್ ಬಂದು ನೋಡಿದ್ರೆ ಫೋಲ್ಡರಲ್ಲಿ ಎರಡು ಕ್ಯಾಟಲಾಗು, ಒಂದರ ಹೆಸರಿನ ಕೊನೇಲಿ ಕಾನ್‌ಫ್ಲಿಕ್ಟ್ ಅಂತ ಬಾಲ. ಒಂದ್ರಲ್ಲಿ ದಸರಾ ಇದೆ ಊರಿಲ್ಲ, ಇನ್ನೊಂದ್ರಲ್ಲಿ ಊರಿದೆ ದಸರಾ ಇಲ್ಲ. ಯಾವುದು ಹೊಸದು ಅಂತ ತಾರೀಖು ನೋಡಿ ಒಂದನ್ನ ಅಳಿಸ್ದೆ.

ತಪ್ಪಿದ್ದನ್ನೇ ಅಳಿಸ್ದೆ ಅಂತ ಬೇರೆ ಹೇಳ್ಬೇಕಾ.

ಕ್ಯಾಟಲಾಗು ಒಳಗೆ ಎಸ್‌ಕ್ಯೂಲೈಟ್ ಡೇಟಾಬೇಸು. ಲೈಟ್‌ರೂಮ್ ತೆರೆದಿರೋ ಅಷ್ಟು ಹೊತ್ತೂ ಅದಕ್ಕೆ ಬರೀತಾನೇ ಇರುತ್ತೆ, ಪಕ್ಕದಲ್ಲಿ ಲಾಕ್ ಫೈಲು ಇನ್ನೊಂದೆರಡು ಸಣ್ಣ ಫೈಲು ಇಟ್ಕೊಂಡಿರುತ್ತೆ. ಕ್ಲೌಡ್ ಡ್ರೈವಿಗೆ ಇದು ಡೇಟಾಬೇಸು, ಇವೆಲ್ಲ ಒಟ್ಟಿಗೆ ಹೋಗ್ಬೇಕು ಅಂತ ಗೊತ್ತಿರಲ್ಲ, ಒಂದೊಂದು ಫೈಲನ್ನ ಬೇರೆ ಬೇರೆ ಟೈಮಲ್ಲಿ ಎತ್ಕೊಂಡು ಹೋಗುತ್ತೆ. ಗುಮಾಸ್ತ ಲೆಡ್ಜರ್ ಬರೀತಾ ಇರುವಾಗ್ಲೇ ಯಾರೋ ಬಂದು ಜೆರಾಕ್ಸ್ ಮಾಡೋಕೆ ಹಾಳೆ ಎಳೆದಂಗೆ. ವಿಂಡೋಸಲ್ಲಿ ಕ್ಲಾಸಿಕ್ ತಾನಾಗೇ ಕ್ಯಾಟಲಾಗ್ ಮಾಡೋದು ಪಿಕ್ಚರ್ಸ್ ಫೋಲ್ಡರ್ ಒಳಗೆ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಪಿಕ್ಚರ್ಸ್ ಫೋಲ್ಡರ್ ಎಷ್ಟೋ ಸಲ ನಿಮಗೆ ಗೊತ್ತಿಲ್ದೇನೇ ಕ್ಲೌಡ್ ಬ್ಯಾಕಪ್ಪಿಗೆ ಸೇರಿರುತ್ತೆ. ಹಂಗಾಗಿ ನನ್ನಂಗೆ ಬೇಕು ಅಂತ ಹಾಕ್ದೇ ಇದ್ರೂ ನಿಮ್ಮದು ಅಲ್ಲೇ ಇರ್ಬೋದು, ಈ ಪೋಸ್ಟ್ ಓದಿ ಮುಗಿಸಿ ಒಂದ್ಸಲ ಎಡಿಟ್ ಮೆನು, ಕ್ಯಾಟಲಾಗ್ ಸೆಟ್ಟಿಂಗ್ಸ್ ತೆಗೆದು ಲೊಕೇಶನ್ ನೋಡ್ಬಿಡಿ.

ನಾನೀಗ ಸಿ ಡ್ರೈವಲ್ಲೇ ಬೇರೆ ಫೋಲ್ಡರ್ ಮಾಡಿ ಅದರಲ್ಲಿ ಕ್ಯಾಟಲಾಗ್ ಇಟ್ಟಿದೀನಿ, ಯಾವ ಸಿಂಕೂ ಅದನ್ನ ಮುಟ್ಟಲ್ಲ. ಕ್ಲೌಡಿಗೆ ಹೋಗೋದು ಕ್ಯಾಟಲಾಗಿನ ಬ್ಯಾಕಪ್ಪು ಮಾತ್ರ, ಕ್ಲಾಸಿಕ್ ಮುಚ್ಚುವಾಗ ಕೇಳುತ್ತಲ್ಲ ಅದು, ಜಿಪ್ ಆಗಿ ಕೂರುತ್ತೆ, ಅದನ್ನ ಯಾರೂ ತೆರೆದು ಬರಿಯಲ್ಲ, ಹಂಗಾಗಿ ಕ್ಲೌಡ್ ಫೋಲ್ಡರಲ್ಲಿ ಇದ್ರೆ ತೊಂದ್ರೆ ಇಲ್ಲ. ಆದ್ರೆ ಹಳೇ ಬ್ಯಾಕಪ್ಪನ್ನ ಅದು ತಾನಾಗಿ ಅಳಿಸಲ್ಲ, ನನ್ನ ಫೋಲ್ಡರಲ್ಲಿ ಹಳೇವೆಲ್ಲ ಗುಡ್ಡೆ ಬಿದ್ದಿತ್ತು, ಕೊನೇ ಐದಾರು ಬಿಟ್ಟು ಮಿಕ್ಕಿದ್ದು ತೆಗೆದ್ರೆ ಒಂಬತ್ತು ಜಿಬಿ ಸಿಕ್ತು. ಮತ್ತೆ ಈ ಬ್ಯಾಕಪ್ಪಲ್ಲಿ ಫೋಟೋ ಇರಲ್ಲ. ನಮ್ಮ ಏರಿಯಾದ ಸ್ಟುಡಿಯೋ ಅಣ್ಣ ಒಬ್ರು, ಇಪ್ಪತ್ತು ವರ್ಷದಿಂದ ಮದುವೆ ತೆಗೀತಿರೋರು, ಹೋದ ವರ್ಷದ ತನಕ "ವಾರ ವಾರ ಬ್ಯಾಕಪ್ ಆಗ್ತಿದೆಯಪ್ಪ, ಲೈಟ್‌ರೂಮೇ ಮಾಡ್ಕೊಳುತ್ತೆ" ಅಂತಿದ್ರು. ಜಿಪ್ ತೆಗೆದು ತೋರಿಸ್ದೆ. ಅವ್ರು ಟೀ ಕುಡೀತಾ ಇದ್ದಿದ್ದನ್ನ ಕೆಳಗಿಟ್ಟು ಸೀದಾ ಸ್ಕೂಟರ್ ಹತ್ತಿ ಡ್ರೈವ್ ತರೋಕೆ ಹೋದ್ರು.

ಸಿ ಡ್ರೈವಲ್ಲಿ ಕ್ಯಾಟಲಾಗ್ ಜೊತೆ, ಫೋಟೋನ ಬೇಗ ತೋರಿಸೋಕೆ ಮಾಡ್ಕೊಂಡಿರೋ ಕಾಪಿಗಳ ಪ್ರಿವ್ಯೂಸ್ ಫೋಲ್ಡರ್ ಕೂಡ ಇರುತ್ತೆ, ಅದು ಸದ್ದಿಲ್ದೇ ಬೆಳೆಯುತ್ತೆ. ಒನ್ ಟು ಒನ್ ಪ್ರಿವ್ಯೂ, ಅಂದ್ರೆ ಪೂರ್ತಿ ಸೈಜಿನದು, ಮಾಡೋ ಅಭ್ಯಾಸ ಇದ್ರೆ 30 ದಿನಕ್ಕೆ ತೆಗಿ ಅಂತ ಇರೋದನ್ನ ಒಂದು ವಾರಕ್ಕೆ ಇಳಿಸಿ. ಇಷ್ಟು ಸಾಕು ಅದಕ್ಕೆ.

ಇನ್ನು ಕ್ಲೌಡ್ ಕೋಟಾ. ಫೋನಲ್ಲಿ ಲೈಟ್‌ರೂಮ್ ಕ್ಯಾಮೆರಾದಲ್ಲಿ ತೆಗೆದಿದ್ದು, ಫೋನಿಂದ ಆ್ಯಡ್ ಮಾಡಿದ್ದು ಒರಿಜಿನಲ್ಲಾಗೇ ಮೇಲೆ ಹೋಗುತ್ತೆ, ಕೋಟಾ ತಿನ್ನುತ್ತೆ, ಕ್ಲಾಸಿಕ್‌ಗೆ ಇಳಿದ ಮೇಲೂ ಮೇಲೆ ಹಂಗೇ ಇರುತ್ತೆ. ಖಾಲಿ ಮಾಡೋಕೆ ಕ್ಲಾಸಿಕ್ಕಲ್ಲಿ ಎಡಗಡೆ ಕ್ಯಾಟಲಾಗ್ ಪ್ಯಾನೆಲ್ಲಲ್ಲಿ ಆಲ್ ಸಿಂಕ್ಡ್ ಫೋಟೋಗ್ರಾಫ್ಸ್ ಅಂತಿದೆ, ಅದ್ರ ಒಳಗೆ ಹೋಗಿ ಬೇಡದ್ದನ್ನ ಸೆಲೆಕ್ಟ್ ಮಾಡಿ ರಿಮೂವ್ ಫ್ರಮ್ ಆಲ್ ಸಿಂಕ್ಡ್ ಕೊಟ್ರೆ ಕ್ಲೌಡಿಂದ ಹೋಗುತ್ತೆ, ಲ್ಯಾಪ್‌ಟಾಪಲ್ಲಿ ಉಳಿಯುತ್ತೆ. ಜಾಯಿಂಟ್ ಅಕೌಂಟಿಂದ ಒಂದು ಹೆಸರು ತೆಗೆಸಿದಂಗೆ, ದುಡ್ಡು ನಿಮ್ಮ ಹತ್ರಾನೇ. ಒತ್ತೋ ಮುಂಚೆ ಆ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ ಶೋ ಇನ್ ಎಕ್ಸ್‌ಪ್ಲೋರರ್ ಕೊಟ್ಟು ಫೈಲ್ ನಿಜವಾಗ್ಲೂ ಡ್ರೈವಲ್ಲಿ ಕೂತಿದೆಯಾ ಕಣ್ಣಾರೆ ನೋಡಿ. ನಾನು ಎರಡು ಸಲ ಸುಟ್ಕೊಂಡೋನು, ಈಗ ಪ್ರತಿ ಸಲ ನೋಡ್ತೀನಿ. ಅದೇ ಫೋಟೋನ ಕ್ಲಾಸಿಕ್‌ನ ಫೋಲ್ಡರಲ್ಲಿ ನಿಂತು ಡಿಲೀಟ್ ಮಾಡಿದ್ರೆ ಬೇರೆ ಲೆಕ್ಕ, ಅಲ್ಲಿ ಕ್ಲೌಡಿಂದಾನೂ ಹೋಗುತ್ತೆ, ಡಿಲೀಟ್ ಫ್ರಮ್ ಡಿಸ್ಕ್ ಅಂತ ಕೊಟ್ರೆ ಡ್ರೈವಿಂದಾನೂ ಹೋಗುತ್ತೆ.

ಕ್ಲಾಸಿಕ್ ಅಂದ್ರೇನೇ ತಲೆನೋವು ಅನ್ನೋರಿಗೆ ಇನ್ನೊಂದು ದಾರಿ ಇದೆ. 2023ರ ಅಕ್ಟೋಬರಿಂದ ಕ್ಲೌಡ್ ಲೈಟ್‌ರೂಮ್ ಡೆಸ್ಕ್‌ಟಾಪಲ್ಲೇ ಲೋಕಲ್ ಅಂತ ಒಂದು ಟ್ಯಾಬ್ ಬಂದಿದೆ, ಡ್ರೈವಲ್ಲಿರೋ ಫೋಲ್ಡರನ್ನ ಇಂಪೋರ್ಟೇ ಮಾಡ್ದೇ ತೆರೆದು ಎಡಿಟ್ ಮಾಡ್ಬೋದು, ಮೇಲಕ್ಕೆ ಏನೂ ಹೋಗಲ್ಲ. ರಾ ಫೈಲಿನ ಎಡಿಟು ಪಕ್ಕದಲ್ಲೇ ಎಕ್ಸ್‌ಎಂಪಿ ಫೈಲಾಗಿ ಕೂರುತ್ತೆ, ಫೋಲ್ಡರ್ ಕಾಪಿ ಮಾಡುವಾಗ ಇದೇನೋ ಕಸ ಅಂತ ಅದನ್ನ ಬಿಟ್ಬಿಡ್ಬೇಡಿ. ಆಯ್ದ ನಾಲ್ಕು ಮಾತ್ರ ಕ್ಲೌಡಿಗೆ ಕಾಪಿ ಮಾಡಿ ಫೋನಲ್ಲಿ ನೋಡ್ಕೊಬೋದು. ಸಾವಿರ ತೆಗೆದು ಐವತ್ತು ಇಟ್ಕೊಳ್ಳೋ ಹಕ್ಕಿ ಫೋಟೋದವ್ರಿಗೆ ನನ್ನ ಪ್ರಕಾರ ಇದೇ ಸರಿ. ನಾನು ಮೊದ್ಲೇ ಇದನ್ನ ನೋಡಿದ್ರೆ ಕ್ಲಾಸಿಕ್‌ಗೆ ಬರ್ತಿದ್ನೋ ಇಲ್ವೋ.

ಡ್ರೈವ್ ಎರಡಿದೆ ಈಗ. ಎರಡು ಟಿಬಿದು ಮೇಜಿನ ಮೇಲೆ, ಅದರ ಕಾಪಿ ಇನ್ನೊಂದು ಊರಲ್ಲಿ ಅಪ್ಪನ ಬೀರುಲಿ ಪಂಚೆ ಕೆಳಗೆ, ತಿಂಗಳಿಗೊಂದ್ಸಲ ಹೋದಾಗ ಅಪ್‌ಡೇಟ್ ಮಾಡ್ಕೊಂಡು ಬರ್ತೀನಿ. ಅಪ್ಪ ಅದನ್ನ "ನಿನ್ನ ಡಬ್ಬಿ" ಅಂತಾರೆ, ಗುಡುಗು ಸಿಡಿಲು ಬಂದ್ರೆ ಬೀರು ಹತ್ರ ಹೋಗಿ ನೋಡಿ ಬರ್ತಾರಂತೆ, ಅದಕ್ಕೆ ಕರೆಂಟೇ ಇಲ್ಲ ಅಂದ್ರೂ ಕೇಳಲ್ಲ. ವಿಂಡೋಸಲ್ಲಿ ಒಂದೇ ಒಂದು ಕಿರಿಕಿರಿ, ಇವತ್ತು ಇ ಡ್ರೈವ್ ಆಗಿದ್ದು ಪೆನ್‌ಡ್ರೈವ್ ಮೊದ್ಲು ಹಾಕಿದ್ರೆ ನಾಳೆ ಎಫ್ ಆಗುತ್ತೆ, ಕ್ಲಾಸಿಕ್ಕಲ್ಲಿ ಎಲ್ಲಾ ಫೋಲ್ಡರ್ ಮೇಲೂ ಪ್ರಶ್ನಾರ್ಥಕ ಚಿಹ್ನೆ ಬಂದು ಎದೆ ಧಸಕ್ ಅನ್ನುತ್ತೆ. ಫೋಟೋ ಎಲ್ಲೂ ಹೋಗಿರಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಆ ಡ್ರೈವಿಗೆ ಪಿ ಅಂತಲೋ ಝಡ್ ಅಂತಲೋ ದೂರದ ಅಕ್ಷರ ಕೊಟ್ಬಿಡಿ, ಆಮೇಲೆ ಬದಲಾಗಲ್ಲ.

ಮಾಘದಲ್ಲಿ ಮದುವೆ ಇಟ್ಕೊಂಡಿದಾರೆ. ಮೊನ್ನೆ ಭಾವ ಫೋನ್ ಮಾಡಿ ಛತ್ರ, ಅಡುಗೆಯವ್ರು, ವಾಲಗದವ್ರು ಎಲ್ಲ ಲೆಕ್ಕ ಹೇಳ್ತಾ, ನಿಂದು ಏನಾದ್ರೂ ಬೇಕೇನಪ್ಪ ಅಂದ್ರು. ಎರಡು ಕ್ಯಾಮೆರಾ ತರ್ತೀನಿ ಭಾವ, ನೀವು ಒಂದು 2 ಟಿಬಿ ಡ್ರೈವ್ ತಗೊಂಡಿಡಿ, ಮದುವೆ ರಾತ್ರಿನೇ ಅದಕ್ಕೆ ಹಾಕಿ ನಿಮ್ಮ ಕೈಗೇ ಕೊಡ್ತೀನಿ, ಬೀರುಲಿ ಇಡಿ ಅಂದೆ.

"ಡ್ರೈವ್ ಯಾಕಪ್ಪ, ಎಲ್ಲಾ ಮೊಬೈಲಲ್ಲೇ ಬರುತ್ತಲ್ಲ, ಹೋದ್ಸಲ ಲಿಂಕ್ ಕಳ್ಸಿದ್ದೆ" ಅಂದ್ರು. ಹಿಂದಿಂದ ಅಕ್ಕನ ಮಗಳ ಧ್ವನಿ ಕೇಳಿಸ್ತು, "ಅಪ್ಪಾ, ತಗೋ ಅಪ್ಪ, ಮಾಮನ ಸರ್ವರ್ ಸರಿ ಇಲ್ಲ."